ಐಸ್‌ಕ್ರೀಮ್ ಕಡ್ಡಿಯಲ್ಲಿ ತಾತನ ಕೊಟ್ಟಿಗೆ: ಗೋಡೆ ಯಾಕೆ ಬಾಗುತ್ತದೆ, ಕಟ್ಟಡ ಯಾಕೆ ವಾಲುತ್ತದೆ?

ಪ್ರಶ್ನೆ: ನನ್ನ ಮಗಳು ಮಂಡ್ಯದಲ್ಲಿ ಏಳನೇ ಕ್ಲಾಸು ಓದುತ್ತಿದ್ದಾಳೆ. ಶಾಲೆಯ ವಸ್ತುಪ್ರದರ್ಶನಕ್ಕೆ ಐಸ್‌ಕ್ರೀಮ್ ಕಡ್ಡಿಯಲ್ಲಿ ಜಮೀನಿನ ಒಂದು ಕಟ್ಟಡ ಮಾಡಿಕೊಂಡು ಹೋಗಬೇಕು. ವಿಡಿಯೋ ನೋಡಿ ಕೆಂಪು ಬಣ್ಣದ ದೊಡ್ಡ ದನದ ಮನೆ ಮಾಡಲು ಹೊರಟೆವು. 200 ಕಡ್ಡಿ ಖರ್ಚಾಯಿತು. ಗೋಡೆಗಳು ಒಣಗಿದ ಮೇಲೆ ಹಪ್ಪಳದ ಹಾಗೆ ಬಾಗಿದವು. ನಿಲ್ಲಿಸಿದರೆ ಇಡೀ ಮನೆ ಒಂದು ಕಡೆಗೆ ವಾಲುತ್ತದೆ. ಕತ್ತರಿಸಲು ಹೋದರೆ ಕಡ್ಡಿ ಸೀಳಿ ಹೋಗುತ್ತದೆ. ಇನ್ನು ಹತ್ತು ದಿನ ಇದೆ. ಅಂಟು ಬದಲಾಯಿಸಿದರೆ ಸರಿಹೋಗುತ್ತದಾ? ಇಲ್ಲಾ ಮೊದಲಿಂದ ಮಾಡಬೇಕಾ?

ಉತ್ತರ: ಮೊದಲಿಂದ ಮಾಡಿ. ಹತ್ತು ದಿನ ಧಾರಾಳ ಸಾಕು. ಈ ಸಲ 100 ಕಡ್ಡಿಯಲ್ಲೇ ಮುಗಿಯುತ್ತದೆ. ಅಂಟು ಬದಲಾಯಿಸಬೇಕಾಗಿಲ್ಲ, ಕಟ್ಟುವ ಕ್ರಮ ಬದಲಾಗಬೇಕು.

ನೀವು ಮಾಡಿದ್ದು ಏನು ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕಡ್ಡಿಗಳನ್ನು ಪಕ್ಕಪಕ್ಕ ಜೋಡಿಸಿ, ಮೇಲೆ ಅಂಟು ಬಳಿದು ನಾಲ್ಕು ಗೋಡೆ ಮಾಡಿದ್ದೀರಿ. ಆಮೇಲೆ ಆ ನಾಲ್ಕನ್ನು ಡಬ್ಬಿಯ ಹಾಗೆ ಸೇರಿಸಿದ್ದೀರಿ. ಹೆಚ್ಚಿನವರು ಮಾಡುವುದೇ ಹೀಗೆ. ಆದರೆ ಯಾವ ಬಡಗಿಯೂ ಕೊಟ್ಟಿಗೆಯನ್ನು ಹೀಗೆ ಕಟ್ಟುವುದಿಲ್ಲ. ಅವರು ಮೊದಲು ಕಂಬ ನೆಡುತ್ತಾರೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಓರೆಯಾಗಿ ಇಳಿಯುವ ಜಂತೆ, ಜಂತೆಯ ಮೇಲೆ ಅಡ್ಡಕ್ಕೆ ತೆಳ್ಳನೆಯ ಪಟ್ಟಿ ಅಂದರೆ ರೀಪು, ಕೊನೆಗೆ ಹೆಂಚು. ಗೋಡೆ ಆಮೇಲೆ ಬರುತ್ತದೆ, ಕೆಲವು ಕಡೆ ಬರುವುದೇ ಇಲ್ಲ. ಕಡ್ಡಿಯೂ ಮರವೇ ಅಲ್ವಾ? ಅದನ್ನು ಮರದ ಹಾಗೇ ಬಳಸಿದರೆ ಅರ್ಧ ತೊಂದರೆ ತಾನಾಗಿ ಹೋಗುತ್ತದೆ. ನಿಜವಾದ ಕಟ್ಟಡದಲ್ಲಿ ಎಲ್ಲಿ ಮರ ಇದೆಯೋ ಅಲ್ಲಿ ಮಾತ್ರ ಕಡ್ಡಿ ಹಾಕಿ. ಮಣ್ಣು ಇರುವ ಕಡೆ ಮಣ್ಣನ್ನೇ ಹಾಕಿ.

ಹಾಗಾಗಿ ನನ್ನ ಮೊದಲ ಸಲಹೆ ಏನೆಂದರೆ, ಆ ಕೆಂಪು ಮನೆ ಬೇಡ. ಅದರ ಬದಲು ಊರಿನಲ್ಲಿರುವ ಮಗಳ ತಾತನ ದನದ ಕೊಟ್ಟಿಗೆಯನ್ನೇ ಮಾಡಿ. ಅದು ಕೆಟ್ಟ ಕಟ್ಟಡ ಅಂತ ಅಲ್ಲ. ಅಮೆರಿಕದ ರೈತರು ಅದನ್ನು ಹಾಗೆ ಕಟ್ಟಿದ್ದಕ್ಕೆ ಕಾರಣ ಇದೆ. ಅಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ದನ ಒಳಗೇ ಇರಬೇಕು, ಅವುಗಳ ಮೇವೂ ಒಳಗೇ ಇರಬೇಕು. ಅದಕ್ಕೇ ಚಾವಣಿಯನ್ನು ಎರಡು ಮಡಿಕೆಯಾಗಿ ಮುರಿದು, ಮೇಲೆ ಹುಲ್ಲಿಗೆ ಜಾಗ ಜಾಸ್ತಿ ಮಾಡಿಕೊಂಡರು. ಕಬ್ಬಿಣದ ತುಕ್ಕಿನ ಬಣ್ಣ ಅಗ್ಗಕ್ಕೆ ಸಿಗುತ್ತಿತ್ತು, ಮರಕ್ಕೂ ಒಳ್ಳೆಯದು. ಅದರಿಂದ ಆ ಕೆಂಪು ಬಂತು. ನಮ್ಮ ಕಡೆ ಹುಲ್ಲು ಹೊರಗೆ ಮೆದೆಯಲ್ಲಿ ಇರುತ್ತದೆ. ದನಕ್ಕೆ ಬೇಕಾದದ್ದು ನೆರಳು, ಗಾಳಿ, ಒಣಗಿದ ನೆಲ. ಅದಕ್ಕೆ ನಮ್ಮ ಕೊಟ್ಟಿಗೆಯ ಪಕ್ಕಗಳು ತೆರೆದಿರುತ್ತವೆ. ಪಕ್ಕ ತೆರೆದಿದ್ದರೆ ನಿಮಗೆ ಗೋಡೆಯ ಕೆಲಸವೂ ಕಡಿಮೆ. ಇನ್ನೂ ಒಂದು ಮಾತು ಇದೆ. ವಿಡಿಯೋದ ಮನೆ ಮಾಡಿದರೆ ಮಗಳು ವಿಡಿಯೋ ನೋಡಿ ಕಲಿಯುತ್ತಾಳೆ. ತಾತನ ಕೊಟ್ಟಿಗೆ ಮಾಡಿದರೆ ಟೇಪು ಹಿಡಿದು ಊರಿಗೆ ಹೋಗಿ, ಕಂಬ ಅಳೆದು, ನಾಲ್ಕು ಪ್ರಶ್ನೆ ಕೇಳಿ ಕಲಿಯುತ್ತಾಳೆ. ಭಾನುವಾರ ಒಂದು ದಿನ ಅದಕ್ಕೆ ಇಡಿ.

ಆಲೆಮನೆ ಮಾಡೋಣ ಅಂತ ನಿಮಗೆ ಅನ್ನಿಸಬಹುದು, ಮಂಡ್ಯ ಅಂದರೆ ಬೆಲ್ಲ ತಾನೇ. ನನಗೂ ಆಲೆಮನೆ ಅಂದರೆ ತುಂಬ ಇಷ್ಟ. ಆದರೆ ಅದರ ಜೀವ ಇರುವುದು ಒಲೆಯಲ್ಲಿ, ಕೊಪ್ಪರಿಗೆಯಲ್ಲಿ, ಗಾಣದಲ್ಲಿ. ಅದೆಲ್ಲ ಮಣ್ಣು, ಕಬ್ಬಿಣ. ಕಡ್ಡಿಗೆ ಅಲ್ಲಿ ಚಾವಣಿ ಬಿಟ್ಟರೆ ಕೆಲಸ ಇಲ್ಲ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಈಗ ಅಳತೆ. ಪ್ಯಾಕೆಟ್‌ನಲ್ಲಿ ಸಿಗುವ ಸಾಮಾನ್ಯ ಕಡ್ಡಿ ಸುಮಾರು 11.4 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪ ಇರುತ್ತದೆ. ನಿಜದ ಒಂದು ಮೀಟರಿಗೆ ನಿಮ್ಮ ಮಾದರಿಯಲ್ಲಿ 5 ಸೆಂ.ಮೀ. ಇಟ್ಟುಕೊಳ್ಳಿ. ಅಂದರೆ 20ರಲ್ಲಿ ಒಂದು ಪಾಲು. ಆಗ ಒಂದು ಕಡ್ಡಿಯ ಅಗಲ ನಿಜದಲ್ಲಿ 20 ಸೆಂ.ಮೀ., ಅದು ಒಂದು ಹಲಗೆಯ ಅಗಲ. ದಪ್ಪ 4 ಸೆಂ.ಮೀ., ಅದೂ ಹಲಗೆಯ ದಪ್ಪ. ಅದಕ್ಕೇ ಈ ಅಳತೆಯಲ್ಲಿ ಕಡ್ಡಿ ಕಣ್ಣಿಗೆ ಕಡ್ಡಿಯಾಗಿ ಕಾಣುವುದಿಲ್ಲ, ಮರವಾಗಿ ಕಾಣುತ್ತದೆ.

ಮೂರು ದನದ ಕೊಟ್ಟಿಗೆ ಅಂತ ಲೆಕ್ಕ ಹಾಕೋಣ. ಒಂದು ದನಕ್ಕೆ ನಿಲ್ಲಲು ಅಗಲದಲ್ಲಿ 1.2 ಮೀಟರ್ ಬೇಕು. ಮೂರಕ್ಕೆ 3.6 ಮೀಟರ್. ಇನ್ನೊಂದು ದಿಕ್ಕಿನಲ್ಲಿ ಮೇವು ಹಾಕುವ ಗೋದಲಿಗೆ 60 ಸೆಂ.ಮೀ., ದನ ನಿಲ್ಲಲು 1.6 ಮೀಟರ್, ಗಂಜಲದ ಕಾಲುವೆಗೆ 30 ಸೆಂ.ಮೀ., ಹಿಂದೆ ಓಡಾಡಲು ಒಂದು ಮೀಟರ್. ಒಟ್ಟು 3.5 ಮೀಟರ್. ಮಾದರಿಯಲ್ಲಿ ಇದು 18 ಸೆಂ.ಮೀ. ಉದ್ದ, 17.5 ಸೆಂ.ಮೀ. ಅಗಲ ಆಗುತ್ತದೆ. ಸೂರಿನ ಹತ್ತಿರ, ಅಂದರೆ ಚಾವಣಿಯ ಕೆಳಗಿನ ಅಂಚಿನಲ್ಲಿ, ಎತ್ತರ 10 ಸೆಂ.ಮೀ., ಚಾವಣಿಯ ನೆತ್ತಿಯಲ್ಲಿ 15 ಸೆಂ.ಮೀ. ಚಾವಣಿಯ ಓರೆ ಆಗ ಸುಮಾರು 30 ಡಿಗ್ರಿ ಬರುತ್ತದೆ. ಹೆಂಚಿನ ಮೇಲೆ ಮಳೆ ನೀರು ನಿಲ್ಲದೆ ಇಳಿಯಲು ಈ ಓರೆ ಸಾಕು. ನೆತ್ತಿಯಿಂದ ಸೂರಿಗೆ ಜಂತೆಯ ಉದ್ದ 10 ಸೆಂ.ಮೀ. ಅಂದರೆ ಒಂದು ಜಂತೆಗೆ ಒಂದೇ ಕಡ್ಡಿ, ತುದಿಯಲ್ಲಿ ಸ್ವಲ್ಪ ಚಾಚಿಕೊಂಡೂ ನಿಲ್ಲುತ್ತದೆ. ಈ ಅಳತೆ ಆರಿಸಿದ್ದೇ ಅದಕ್ಕೆ. ತಾತನ ಕೊಟ್ಟಿಗೆ ಬೇರೆ ಅಳತೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಆದರೆ ಜಂತೆಗೆ ಒಂದು ಕಡ್ಡಿ ಸಾಕಾಗುವ ಹಾಗೆ ನೋಡಿಕೊಳ್ಳಿ.

ಕಡ್ಡಿ ಯಾಕೆ ಬಾಗಿತು ಅಂತ ಕೇಳಿದಿರಿ. ಇದನ್ನು ಮಗಳಿಗೆ ಬಿಡಿಸಿ ಹೇಳಿ, ಪ್ರದರ್ಶನದಲ್ಲಿ ಯಾರಾದರೂ ಕೇಳಿದರೆ ಅವಳಿಗೆ ಬೇಕಾಗುತ್ತದೆ. ಮರ ನೀರು ಕುಡಿದರೆ ಹಿಗ್ಗುತ್ತದೆ. ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಗಲಕ್ಕೆ ಹಿಗ್ಗುವುದು ಜಾಸ್ತಿ. ಬಿಳಿ ಅಂಟಿನಲ್ಲಿ, ಅಂದರೆ ಮನೆಮನೆಯಲ್ಲಿ ಇರುವ ಫೆವಿಕಾಲ್‌ನಲ್ಲಿ, ತುಂಬ ನೀರಿರುತ್ತದೆ. ಆ ನೀರು ಹೋದಾಗಲೇ ಅದು ಗಟ್ಟಿಯಾಗುವುದು. ನೀವು ಒಂದೇ ಮುಖಕ್ಕೆ ದಪ್ಪವಾಗಿ ಬಳಿದಿರಿ. ಆ ಮುಖ ನೀರು ಕುಡಿದು ಹಿಗ್ಗಿತು, ಇನ್ನೊಂದು ಮುಖ ಹಾಗೇ ಇತ್ತು. ಆಮೇಲೆ ಅಂಟು ಒಣಗುತ್ತಾ ಕುಗ್ಗಿತು, ತನ್ನ ಕಡೆಗೆ ಗೋಡೆಯನ್ನು ಎಳೆದುಕೊಂಡಿತು. ಇಪ್ಪತ್ತು ಕಡ್ಡಿ ಒಟ್ಟಿಗೆ ಹೀಗೆ ಮಾಡಿದರೆ ಹಪ್ಪಳ ಆಗದೆ ಇನ್ನೇನಾಗುತ್ತದೆ? ಮೇಲಿಂದ ನೀರು ಬಣ್ಣ ಬಳಿದಿದ್ದರೆ ಅದೇ ಕಥೆ ಎರಡನೇ ಸಲ ನಡೆದಿರುತ್ತದೆ.

ಹಾಗಾಗಿ ಅಂಟು ಕಡ್ಡಿ ಮೇಲೆ ಪೂರ್ತಿ ಬಳಿಯಬೇಡಿ. ಒಂದು ಕಡ್ಡಿ ಇನ್ನೊಂದನ್ನು ಮುಟ್ಟುವ ಕಡೆ ಮಾತ್ರ, ತೆಳ್ಳಗೆ. ಒತ್ತಿದಾಗ ಪಕ್ಕದಿಂದ ಒಂದು ಸಣ್ಣ ಗೆರೆ ಹೊರಬಂದರೆ ಅಷ್ಟು ಸರಿ. ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಬಿಡಿ. ಅಗಲವಾದ ಭಾಗ ಇದ್ದರೆ ಮೇಲೆ ಒಂದು ಲೀಟರ್ ನೀರಿನ ಬಾಟಲಿ ಇಡಿ, ಒಂದು ಕೆ.ಜಿ. ತೂಕ ಆಯಿತು. ಅರ್ಧ ಗಂಟೆಯಲ್ಲಿ ಹಿಡಿದ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಬಲ ಬರಲು ಒಂದು ಹಗಲು ಒಂದು ರಾತ್ರಿ ಬೇಕು. ಮಕ್ಕಳಿಗೆ ಕಷ್ಟ ಆಗುವುದು ಈ ಕಾಯುವ ಕೆಲಸವೇ. ಅದಕ್ಕೇ ಒಂದು ಭಾಗ ಒಣಗುವಾಗ ಇನ್ನೊಂದು ಭಾಗದ ಕೆಲಸ ಕೊಡಿ.

ಬಿಸಿ ಅಂಟಿನ ಗನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದು ಬೇಗ ಹಿಡಿಯುತ್ತದೆ ನಿಜ. ಆದರೆ ಸಂದಿನಲ್ಲಿ ದಪ್ಪವಾಗಿ ಕೂರುತ್ತದೆ, ಕಡ್ಡಿ ಕಡ್ಡಿಗೆ ಕೂಡಿಕೊಳ್ಳಲು ಬಿಡುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ಮೆತ್ತಗಾಗುತ್ತದೆ. ಮಕ್ಕಳ ಕೈ ಸುಡುವುದಂತೂ ಇದ್ದೇ ಇದೆ.

ಕೆಲಸ ಶುರು ಮಾಡುವ ಮುಂಚೆ ಕಡ್ಡಿ ಆರಿಸಿ. ಟೈಲ್ಸ್ ನೆಲದ ಮೇಲೆ ಒಂದೊಂದನ್ನೇ ಮಲಗಿಸಿ, ಒಂದು ತುದಿ ಒತ್ತಿ ನೋಡಿ. ಇನ್ನೊಂದು ತುದಿ ಎದ್ದರೆ ಅದು ಬಾಗಿದೆ ಅಂತ ಅರ್ಥ. ಅದನ್ನು ಬಿಸಾಡಬೇಡಿ, ಚಿಕ್ಕ ತುಂಡುಗಳಿಗೆ ಇಟ್ಟುಕೊಳ್ಳಿ. ನೆಟ್ಟಗಿರುವುದು ಜಂತೆಗೆ, ತೊಲೆಗೆ. ತಿಂದು ಉಳಿದ ಕಡ್ಡಿ ಕೂಡಿಟ್ಟಿದ್ದರೆ ಸೋಪು ಹಾಕಿದ ಬಿಸಿ ನೀರಿನಲ್ಲಿ ತೊಳೆದು, ಭಾರದ ಕೆಳಗೆ ಒಣಗಿಸಿ. ಹಾಲಿನ ಜಿಡ್ಡು ಉಳಿದರೆ ಅಂಟು ಹಿಡಿಯುವುದಿಲ್ಲ.

ಕತ್ತರಿಸುವಾಗ ಸೀಳುವುದಕ್ಕೆ ಕಾರಣ ಕತ್ತರಿ. ಕತ್ತರಿ ಮರವನ್ನು ಕೊಯ್ಯುವುದಿಲ್ಲ, ಹಿಂಡುತ್ತದೆ. ಹಿಂಡಿದರೆ ಮರ ಎಳೆಯ ಗುಂಟ ಬಾಯಿ ಬಿಡುತ್ತದೆ. ಪೇಪರ್ ಕಟರ್‌ನಿಂದ ಸ್ಟೀಲ್ ಸ್ಕೇಲಿನ ಪಕ್ಕ ಒಂದು ಗೆರೆ ಎಳೆಯಿರಿ. ಮೂರು ನಾಲ್ಕು ಸಲ ಮೆಲ್ಲಗೆ. ತಿರುಗಿಸಿ ಹಿಂದಿನ ಕಡೆಯೂ ಅದೇ ಜಾಗದಲ್ಲಿ ಎಳೆಯಿರಿ. ಆಮೇಲೆ ಮೇಜಿನ ಅಂಚಿಗೆ ಇಟ್ಟು ಮುರಿಯಿರಿ. ನೇರವಾಗಿ ತುಂಡಾಗುತ್ತದೆ. ತುದಿಯನ್ನು ಮರಳು ಕಾಗದದ ಮೇಲೆ ಉಜ್ಜಿ. 120 ನಂಬರಿನದು ಸಾಕು. ಕಾಗದವನ್ನು ಒಂದು ಚಪ್ಪಟೆ ಹಲಗೆಗೆ ಅಂಟಿಸಿಕೊಂಡರೆ ತುದಿ ಉರುಟಾಗುವುದಿಲ್ಲ. ಗೆರೆ ಎಳೆಯುವ ಕೆಲಸ ದೊಡ್ಡವರದ್ದು, ಉಜ್ಜುವುದು ಮಗಳದ್ದು.

ಕಂಬಕ್ಕೆ ಚಪ್ಪಟೆ ಕಡ್ಡಿ ಚೆನ್ನಾಗಿರುವುದಿಲ್ಲ. ಕಡ್ಡಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಆ ಎರಡನ್ನೂ ಒಂದರ ಮೇಲೊಂದು ಅಂಟಿಸಿ. 5 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಕಂಬ ಸಿಗುತ್ತದೆ. ನಿಜದಲ್ಲಿ ಅದು 10 ಸೆಂ.ಮೀ. ಅಗಲದ ಮರ. ನಮ್ಮ ಊರುಗಳ ಕೊಟ್ಟಿಗೆಗೆ ಹೊಂದುವ ಗಾತ್ರ. ಒಂದು ಕಡ್ಡಿಗಿಂತ ಉದ್ದ ಬೇಕಾದ ತೊಲೆಗೂ ಇದೇ ಉಪಾಯ, ಆದರೆ ಪೂರ್ತಿ ಅಗಲದ ಕಡ್ಡಿಯಲ್ಲಿ. ಎರಡು ಪದರ ಮಾಡಿ. ಕೆಳಗಿನ ಪದರದ ಕೂಡು ಒಂದು ಕಡೆ ಬಂದರೆ ಮೇಲಿನ ಪದರದ ಕೂಡು ಅದರಿಂದ ದೂರ ಬರಲಿ. 22 ಸೆಂ.ಮೀ. ತೊಲೆಗೆ ಕೆಳಗೆ 11.4 ಮತ್ತು 10.6. ಮೇಲೆ 5.3, 11.4, 5.3. ಇಟ್ಟಿಗೆ ಗೋಡೆಯಲ್ಲಿ ಗಾರೆ ಕೆಲಸದವರು ಸಂದು ತಪ್ಪಿಸುವುದೂ ಇದೇ ಲೆಕ್ಕ.

ಈಗ ಮುಖ್ಯ ಕೆಲಸ. ಬಿಳಿ ಹಾಳೆಯ ಮೇಲೆ ಕೊಟ್ಟಿಗೆಯ ಪಕ್ಕದ ನೋಟವನ್ನು ಮಾದರಿಯಷ್ಟೇ ದೊಡ್ಡದಾಗಿ ಬರೆಯಿರಿ. ಎರಡು ಕಂಬ, ಅವುಗಳ ಮೇಲೆ 17.5 ಸೆಂ.ಮೀ. ಅಡ್ಡ ತೊಲೆ, ತೊಲೆಯ ನಡುವೆ ನೆತ್ತಿ ಹೊರಲು ಒಂದು ಗಿಡ್ಡ ಕಂಬ. ಚಿತ್ರದ ಮೇಲೆ ತೊಳೆದು ಒರೆಸಿದ ನಂದಿನಿ ಹಾಲಿನ ಕವರನ್ನು ಬಿಡಿಸಿ ಹಾಸಿ. ಅಂಟು ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಚಿತ್ರವೂ ಹಾಳಾಗುವುದಿಲ್ಲ. ಗೆರೆಯ ಮೇಲೆ ತುಂಡುಗಳನ್ನು ಇಟ್ಟು ಅಲ್ಲೇ ಅಂಟಿಸಿ. ಇದೇ ಚಿತ್ರದ ಮೇಲೆ ಒಂದಾದ ಮೇಲೆ ಒಂದು ಮೂರು ಚೌಕಟ್ಟು ಮಾಡಿ. ಮೂರೂ ಒಂದೇ ಅಚ್ಚಿನಲ್ಲಿ ಬರುತ್ತವೆ. ನೀವು ಮೊದಲು ಕಟ್ಟಿದ ಮನೆ ನೆಟ್ಟಗೆ ಕೂರದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಎರಡು ಪಕ್ಕಗಳು ಒಂದೇ ಅಳತೆ ಇರಲಿಲ್ಲ ಅಂತ ನನ್ನ ಊಹೆ.

ಕಂಬದ ಉದ್ದ 10.5 ಇಡಿ. ಅರ್ಧ ಸೆಂ.ಮೀ. ನೆಲದೊಳಗೆ ಹೋಗಬೇಕು. ಎರಡು ದಪ್ಪ ರಟ್ಟುಗಳನ್ನು ಒಂದರ ಮೇಲೊಂದು ಅಂಟಿಸಿ ಅಡಿ ಮಾಡಿಕೊಳ್ಳಿ, ಮೇಲಿನ ರಟ್ಟಿನಲ್ಲಿ ಕಂಬದ ಗಾತ್ರಕ್ಕೆ ತೂತು ಕೊರೆಯಿರಿ. ಊರಿನಲ್ಲಿ ಕಂಬ ಗುಂಡಿಯಲ್ಲಿ ಕೂತ ಹಾಗೆ ಇದೂ ಕೂರುತ್ತದೆ. 18 ಸೆಂ.ಮೀ. ಉದ್ದದಲ್ಲಿ ಮೂರು ಚೌಕಟ್ಟನ್ನು 9 ಸೆಂ.ಮೀ. ಅಂತರಕ್ಕೆ ನಿಲ್ಲಿಸಿ. ನೆತ್ತಿಗೆ ಒಂದು, ಎರಡೂ ಸೂರಿಗೆ ಒಂದೊಂದು ಉದ್ದ ತೊಲೆ ಕೂರಿಸಿ. ಚಾವಣಿ ಎರಡೂ ತುದಿಯಲ್ಲಿ 2 ಸೆಂ.ಮೀ. ಚಾಚಬೇಕು. ಅದಕ್ಕೇ ತೊಲೆ 22 ಸೆಂ.ಮೀ.

ಇಲ್ಲಿ ವಾಲುವ ಪ್ರಶ್ನೆ ಬರುತ್ತದೆ. ನಾಲ್ಕು ಕಡ್ಡಿಯ ಚೌಕ ಮಾಡಿ ಒಂದು ಮೂಲೆ ತಳ್ಳಿ ನೋಡಿ, ಅದು ಓರೆಯಾಗುತ್ತದೆ. ಮೂರು ಕಡ್ಡಿಯ ತ್ರಿಕೋನ ಮಾಡಿ ತಳ್ಳಿ, ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಚೌಕದ ಮೂಲೆ ಬದಲಾಗಬಹುದು, ತ್ರಿಕೋನದ ಮೂಲೆ ಬದಲಾಗಬೇಕಾದರೆ ಒಂದು ಕಡ್ಡಿಯ ಉದ್ದವೇ ಬದಲಾಗಬೇಕು. ಅದಕ್ಕೇ ಬಡಗಿಗಳು ಕಂಬಕ್ಕೂ ತೊಲೆಗೂ ನಡುವೆ ಓರೆ ಪಟ್ಟಿ ಕೊಡುತ್ತಾರೆ. ನಿಮ್ಮ ಪ್ರತಿ ಕಂಬದ ತಲೆಯಲ್ಲೂ ಕೊಡಿ. ಕಂಬದಲ್ಲಿ 3 ಸೆಂ.ಮೀ. ಕೆಳಗಿನಿಂದ ತೊಲೆಯಲ್ಲಿ 3 ಸೆಂ.ಮೀ. ಒಳಗಿನವರೆಗೆ, ಸೀಳಿದ ಅರ್ಧ ಕಡ್ಡಿಯಲ್ಲಿ.

ಎರಡೂ ದಿಕ್ಕಿಗೆ ಕೊಡಬೇಕು, ಇದನ್ನು ಮರೆಯಬೇಡಿ. ನಾನು ಹೈಸ್ಕೂಲಿನಲ್ಲಿ ಇದ್ದಾಗ ಮೊದಲ ಮಾದರಿ ಮಾಡಿ, ಮದ್ದೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಒಯ್ದೆ. ಅಗಲದ ಕಡೆ ಓರೆ ಪಟ್ಟಿ ಕೊಟ್ಟಿದ್ದೆ, ಉದ್ದದ ಕಡೆ ಕೊಟ್ಟಿರಲಿಲ್ಲ. ಬಸ್ಸು ಬ್ರೇಕ್ ಹಾಕಿದಾಗೆಲ್ಲ ಕಟ್ಟಡ ಮುಂದಕ್ಕೆ ತುಸು ತುಸು ವಾಲುತ್ತಾ ಬಂತು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಮೂರೂ ಚೌಕಟ್ಟು ಇಸ್ಪೀಟ್ ಎಲೆಗಳ ಹಾಗೆ ಒಂದರ ಮೇಲೊಂದು ಒರಗಿದ್ದವು. ಪ್ರತಿ ಚೌಕಟ್ಟೂ ತನ್ನಷ್ಟಕ್ಕೆ ಗಟ್ಟಿಯಾಗೇ ಇತ್ತು. ಮನಸ್ಸಿಗೆ ತುಂಬ ನೋವಾಯಿತು. ಅಂದಿನಿಂದ ನಾನು ಉದ್ದದ ಕಡೆಯ ಓರೆ ಪಟ್ಟಿಯನ್ನೇ ಮೊದಲು ಹಾಕುತ್ತೇನೆ.

ಜಂತೆಗಳನ್ನು 3 ಸೆಂ.ಮೀ.ಗೆ ಒಂದು ಜೋಡಿಯಂತೆ ಇಡಿ. ಎಂಟು ಜೋಡಿ ಬೇಕು. ಮೇಲಿನ ತುದಿಯನ್ನು ಮಾತ್ರ ಓರೆಯಾಗಿ ಕತ್ತರಿಸಿ, ಕೆಳಗಿನ ಉರುಟು ತುದಿ ಹೆಂಚಿನ ಕೆಳಗೆ ಮರೆಯಾಗುತ್ತದೆ. ಮೇಲೆ ಸೀಳಿದ ಕಡ್ಡಿಯ ರೀಪು, 2 ಸೆಂ.ಮೀ.ಗೆ ಒಂದು.

ಹೆಂಚು ನನಗೆ ಅತಿ ಇಷ್ಟದ ಭಾಗ. ನಾಡಹೆಂಚಿನ, ಅಂದರೆ ಅರ್ಧ ಕೊಳವೆಯ ಹಾಗಿರುವ ಹೆಂಚಿನ, ಚಾವಣಿಯನ್ನು ಕಡ್ಡಿಯಲ್ಲಿ ಮಾಡಲು ಹೋಗಬೇಡಿ. ಅಂಗಡಿಯ ರಟ್ಟಿನ ಡಬ್ಬಿ ತನ್ನಿ. ಮೇಲಿನ ಒಂದು ಕಾಗದವನ್ನು ತುಸು ಒದ್ದೆ ಮಾಡಿ ಸುಲಿದರೆ ಒಳಗಿನ ಅಲೆ ಅಲೆ ಪದರ ಕಾಣುತ್ತದೆ. ಆ ಅಲೆ ಸುಮಾರು 6ರಿಂದ 8 ಮಿ.ಮೀ. ಅಗಲ ಇರುತ್ತದೆ. ನಮ್ಮ ಅಳತೆಯಲ್ಲಿ ನಾಡಹೆಂಚಿನ ಸಾಲಿಗೆ ಅದು ಚೆನ್ನಾಗಿ ಹೊಂದುತ್ತದೆ. ಅಲೆಗೆ ಅಡ್ಡವಾಗಿ 1.3 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿ. ಅಂಟಿಸುವಾಗ ಸೂರಿನಿಂದ ಶುರು ಮಾಡಿ ನೆತ್ತಿಯ ಕಡೆಗೆ ಹೋಗಿ. ಪ್ರತಿ ಪಟ್ಟಿಯೂ ಕೆಳಗಿನದರ ಮೇಲೆ 3 ಮಿ.ಮೀ. ಹತ್ತಿರಲಿ. ಮೇಲಿನಿಂದ ಶುರು ಮಾಡಿದರೆ ಹೆಂಚಿನ ಬಾಯಿ ತಿರುಗುಮುರುಗಾಗುತ್ತದೆ. ಹಾಗೆ ಹೊದಿಸಿದ ನಿಜವಾದ ಮನೆ ಮಳೆಗೆ ಸೋರುತ್ತದೆ. ಊರಿನಲ್ಲಿ ಹೆಂಚು ಕೈಯಾಡಿಸಿದವರು ಯಾರಾದರೂ ನೋಡಿದರೆ ಮೊದಲು ಕಣ್ಣು ಹೋಗುವುದೇ ಅಲ್ಲಿಗೆ. ಬಣ್ಣಕ್ಕೆ ಜರಡಿ ಹಿಡಿದ ಕೆಮ್ಮಣ್ಣು, ಸ್ವಲ್ಪ ಬಿಳಿ ಅಂಟು, ನೀರು. ಎಲ್ಲ ಒಂದೇ ಕೆಂಪು ಬೇಡ. ಅಲ್ಲಲ್ಲಿ ಮಸಿ ಬೆರೆಸಿ ಕಪ್ಪು ಮಾಡಿ, ಹಳೇ ಹೆಂಚು ಹಾಗೇ ಇರುತ್ತದೆ.

ತಾತನ ಕೊಟ್ಟಿಗೆಗೆ ಕಬ್ಬಿನ ಸೋಗೆ ಹೊದಿಸಿದ್ದರೆ ಒಣ ಸೋಗೆಯನ್ನೇ ಸಣ್ಣಗೆ ಸೀಳಿ, ಕಂತೆ ಮಾಡಿ ಅದೇ ಕ್ರಮದಲ್ಲಿ ಕೆಳಗಿನಿಂದ ಹೊದಿಸಿ.

ಮರಕ್ಕೆ ಬಣ್ಣ ಅಂಗಡಿಯಿಂದ ತರಬೇಡಿ. ಗಟ್ಟಿ ಟೀ ಅಥವಾ ಕಾಫಿ ಡಿಕಾಕ್ಷನ್ ಸಾಕು. ಆದರೆ ಅಂಟಿಸುವ ಮುಂಚೆಯೇ ಕಡ್ಡಿಗಳಿಗೆ ಎರಡೂ ಮುಖ ಬಳಿದು, ಭಾರದ ಕೆಳಗೆ ಪೂರ್ತಿ ಒಣಗಿಸಿ. ಎರಡೂ ಕಡೆ ಒಂದೇ ಸಮ ನೆನೆದರೆ ಬಾಗುವುದಿಲ್ಲ. ಅಂಟು ಬಿದ್ದ ಜಾಗಕ್ಕೆ ಆಮೇಲೆ ಬಣ್ಣ ಹಿಡಿಯುವುದೂ ಇಲ್ಲ, ಬಿಳಿ ಕಲೆ ಉಳಿಯುತ್ತದೆ. ಮಳೆ ಬಿಸಿಲಿಗೆ ಬೂದು ತಿರುಗಿದ ಮರದ ಬಣ್ಣ ಬೇಕಾದರೆ ವಿನಿಗರ್‌ನಲ್ಲಿ ಸ್ಟೀಲ್ ಉಣ್ಣೆಯನ್ನು ಒಂದು ರಾತ್ರಿ ನೆನೆಹಾಕಿ. ಮೊದಲು ಟೀ ಬಳಿದು ಒಣಗಿದ ಕಡ್ಡಿಯ ಮೇಲೆ ಆ ನೀರು ಬಳಿಯಿರಿ. ಟೀಯ ಒಗರು ಕಬ್ಬಿಣದ ಜೊತೆ ಸೇರಿ ಬೂದು ಕಪ್ಪಾಗುತ್ತದೆ. ಇದನ್ನು ಕಿಟಕಿ ತೆರೆದು ದೊಡ್ಡವರೇ ಮಾಡಬೇಕು, ಮತ್ತು ಡಬ್ಬಿಯ ಮುಚ್ಚಳ ಬಿಗಿಯಬಾರದು.

ಹಿಂದಿನ ಗೋಡೆ ಒಂದು ಇರಲಿ. ರಟ್ಟು ಕತ್ತರಿಸಿ, ಕೆಮ್ಮಣ್ಣಿಗೆ ಅಂಟು ಬೆರೆಸಿ ಬೆರಳಲ್ಲೇ ಮೆತ್ತಿ. ಎರಡೂ ಮುಖಕ್ಕೆ ಮೆತ್ತಿ, ಕಾರಣ ಈಗ ನಿಮಗೆ ಗೊತ್ತು.

ನೆಲದ ವಿಷಯದಲ್ಲಿ ಒಂದು ಚೆಂದದ ಲೆಕ್ಕ ಇದೆ. ದನ ನಿಲ್ಲುವ ನೆಲ ಕಾಲುವೆಯ ಕಡೆಗೆ ಇಳಿಜಾರು ಇರಬೇಕು, 40ಕ್ಕೆ ಒಂದರಂತೆ. ಇಲ್ಲದಿದ್ದರೆ ಗಂಜಲ ನಿಂತು ಗೊರಸು ಕೊಳೆಯುತ್ತದೆ. ಇಳಿಜಾರು ಜಾಸ್ತಿ ಆದರೆ ದನ ಜಾರುತ್ತದೆ. 1.6 ಮೀಟರಿಗೆ ಈ ಇಳಿಜಾರು 4 ಸೆಂ.ಮೀ. ನಿಮ್ಮ ಮಾದರಿಯಲ್ಲಿ 2 ಮಿ.ಮೀ. ಅಂದರೆ ಸರಿಯಾಗಿ ಒಂದು ಕಡ್ಡಿಯ ದಪ್ಪ! ನೆಲದ ರಟ್ಟಿನ ಕೆಳಗೆ ಗೋದಲಿಯ ಕಡೆ ಒಂದು ಕಡ್ಡಿ ಇಟ್ಟರೆ ಮುಗಿಯಿತು. ಮಗಳು ಕಾಲುವೆಗೆ ಒಂದು ಹನಿ ನೀರು ಹರಿಸಿ ತೋರಿಸಲಿ ಅಂತ ನನಗೆ ಆಸೆ. ಹಾಗೆ ಮಾಡುವುದಾದರೆ ನೆಲಕ್ಕೆ ಮೊದಲೇ ಎರಡು ಕೈ ವಾರ್ನಿಷ್ ಹಾಕಿ.

ಗೋದಲಿ 3 ಸೆಂ.ಮೀ. ಅಗಲ, ದನದ ಕಡೆ 2.5 ಸೆಂ.ಮೀ. ಎತ್ತರ. ದನದ ಬೊಂಬೆ ಕೊಳ್ಳುವುದಾದರೆ ಹೆಗಲಿನ ಹತ್ತಿರ 6 ಸೆಂ.ಮೀ. ಇರುವುದನ್ನು ಆರಿಸಿ, ದೊಡ್ಡದಾದರೆ ಇಡೀ ಕೊಟ್ಟಿಗೆ ಆಟಿಕೆಯ ಹಾಗೆ ಕಾಣುತ್ತದೆ. ಹೊರಗೆ ಒಂದು ಹುಲ್ಲಿನ ಮೆದೆ, ಒಂದು ತಿಪ್ಪೆ. ತಾತನ ಊರು ನಾಲೆ ಬಯಲಾದರೆ ಮೆದೆ ನೆಲ್ಲು ಹುಲ್ಲಿನದು. ನಾಗಮಂಗಲದ ಕಡೆ ಆದರೆ ರಾಗಿ ಹುಲ್ಲಿನದು. ಎರಡರ ಬಣ್ಣವೂ ಬೇರೆ, ಒಟ್ಟುವ ರೀತಿಯೂ ಬೇರೆ. ಊರಿಗೆ ಹೋದಾಗ ಒಂದು ಹಿಡಿ ಹುಲ್ಲು ತನ್ನಿ.

ಕೊನೆಯದಾಗಿ, ಚಾವಣಿಯ ಒಂದು ಮಗ್ಗುಲಿನ ಜಂತೆಗಳನ್ನು ತೊಲೆಗೆ ಅಂಟಿಸಬೇಡಿ. ಜಂತೆ, ರೀಪು, ಹೆಂಚು ಸೇರಿಸಿ ಬೇರೆಯಾಗೇ ಒಂದು ತಟ್ಟಿ ಮಾಡಿ, ಸುಮ್ನೆ ಮೇಲೆ ಕೂರಿಸಿ. ಜಾರದ ಹಾಗೆ ನೆತ್ತಿಯ ಹತ್ತಿರ ಒಳಮುಖಕ್ಕೆ ಒಂದು ಅಡ್ಡ ಕಡ್ಡಿ ಅಂಟಿಸಿದರೆ ಅದು ನೆತ್ತಿ ತೊಲೆಗೆ ಕೊಕ್ಕೆ ಹಾಕಿಕೊಳ್ಳುತ್ತದೆ. ನೋಡುವವರು ಅದನ್ನು ಎತ್ತಿ ಒಳಗಿನ ಕಂಬ, ಓರೆ ಪಟ್ಟಿ, ಗೋದಲಿ ಎಲ್ಲ ನೋಡಬಹುದು. ಶಾಲೆಗೆ ಒಯ್ಯುವಾಗ ಈ ತಟ್ಟಿಯನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ. ಅಡಿಯ ರಟ್ಟನ್ನು ದೊಡ್ಡ ಡಬ್ಬಿಯ ತಳಕ್ಕೆ ಟೇಪ್ ಹಾಕಿ ಬಿಗಿಯಿರಿ. ಸ್ಕೂಟರ್ ಮೇಲೆ ಹೋಗುವುದಾದರೆ ಡಬ್ಬಿ ಮಗಳ ತೊಡೆಯ ಮೇಲಿರಲಿ, ಮುಂದೆ ಕಾಲಿನ ಹತ್ತಿರ ಇಡಬೇಡಿ.